ಟವಲಿನ ಕೆಳಗಿನ ಅರ್ಥಶಾಸ್ತ್ರ

ಪರೀಕ್ಷೆಯಲ್ಲಿ ಫೇಲಾಗುವವರು ಎರಡು ಥರ. ಉತ್ತರ ಗೊತ್ತಿಲ್ಲದವರು ಒಂದು ಥರ. ನಮ್ಮ ಚಿಕ್ಕಪ್ಪ ಇನ್ನೊಂದು ಥರ! ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳ ಆನರ್ಸ್ ಕೊನೆಯ ಪರೀಕ್ಷೆಗೆಂದು ಅವನು ನಾಲ್ಕು ಸಲ ಮೈಸೂರಿಗೆ ಹೋದ, ನಾಲ್ಕು ಸಲವೂ ಫೇಲಾಗಿ ನಮ್ಮೂರು ಕೊಡಿಗೇನಹಳ್ಳಿಗೆ ವಾಪಸು ಬಂದ. ಪುಸ್ತಕವೆಲ್ಲ ಅವನಿಗೆ ಬಾಯಿಪಾಠ. ಅಷ್ಟು ಓದಿಕೊಂಡ ದಡ್ಡನನ್ನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಜರಡಿ ಹಿಡಿದರೂ ನೀವು ಕಾಣಲಾರಿರಿ.

ಚಿಕ್ಕಪ್ಪನನ್ನು ಹೀಗಾ ಬೈಯುವುದು ಎನ್ನಬೇಡಿ. ನನ್ನ ಸಿಟ್ಟು ನಿಮಗೇನು ಗೊತ್ತು? ನಾನು ಬೆಂಗಳೂರಿನ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಇಂಟರ್‌ಮೀಡಿಯೆಟ್ ಮುಗಿಸಿ, ಮೊದಲ ದರ್ಜೆಯಲ್ಲಿ ಪಾಸಾಗಿ ಊರಿಗೆ ಬಂದವಳು, ಮೈಸೂರಿಗೆ ಹೋಗಿ ಅದೇ ಆನರ್ಸ್ ಓದಬೇಕು ಎಂದು ಹಟ ಹಿಡಿದೆ. ಮನೆಯ ಯಜಮಾನಿಕೆ ತಾತನದು. ಅಪ್ಪ ಅವರ ಮುಂದೆ ಬಾಯಿ ಬಿಡುವವರಲ್ಲ. ತಾತ ಒಂದೇ ಮಾತಿನಲ್ಲಿ ಮುಗಿಸಿದರು:

"ಆ ಓದೊಂದು ಬುಟ್ಟು ಬೇರೆ ಏನಾರ ಕೇಳು ಮಗಾ. ಒಬ್ಬ ಓದಿ ಇಂಗಾಗವ್ನೆ, ಕಣ್ಣಾರೆ ಕಾಣ್ತಿಲ್ವಾ?"

ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದ ಚಿಕ್ಕಪ್ಪ ತಲೆ ಎತ್ತಲೂ ಇಲ್ಲ!

ಹೇಗಾಗಿದ್ದ ಅಂತೀರಾ? ಕೇಳಿ. ಹೊಳವನಹಳ್ಳಿಯ ನೆಂಟರ ಮನೆಯಲ್ಲಿ ನಿಶ್ಚಿತಾರ್ಥದ ಊಟ. ಮನೆಯಾಕೆ ಪ್ರೀತಿಯಿಂದ ಮೂರನೆಯ ಹೋಳಿಗೆ ಹಾಕಲು ಬಂದರು. ಬೇಕಿಲ್ಲದವರು ಬೇಡ ಅನ್ನುತ್ತಾರೆ, ಅಲ್ಲವೇ? ನಮ್ಮವನು ಎರಡೂ ಕೈ ಎಲೆಗೆ ಅಡ್ಡ ಹಿಡಿದು ಪಾಠ ಶುರು ಮಾಡಿದ.

"ಮೊದಲ್ನೇ ಹೋಳಿಗೇಲಿ ಆದ ತೃಪ್ತಿ ಎರಡನೇದ್ರಲ್ಲಿ ಆಗ್ಲಿಲ್ಲ ತಾಯಿ. ಮೂರನೇದ್ರಲ್ಲಿ ಇನ್ನೂ ಕಮ್ಮಿ ಆಯ್ತದೆ. ನಾಲ್ಕನೇದು ತಿಂದ್ರೆ ಬೇಜಾರೇ ಆಗ್‌ಬೌದು."

"ಯಾಕಣ್ಣ, ಬೆಲ್ಲ ಕಮ್ಮಿ ಆಯ್ತಾ?"

"ಬೆಲ್ಲದ ತಪ್ಪಲ್ಲ. ಯಾರ್ ಮಾಡಿದ್ರೂ ಅಷ್ಟೇಯ."

ಆಕೆ ಹೋಳಿಗೆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಅವನ ಆಚೆ ಕೂತಿದ್ದ ನನಗೆ ಒಂದೇ ಹೋಳಿಗೆ ಬಿದ್ದಿತ್ತು! ಆ ಮನೆಯಿಂದ ನಮಗೆ ಎರಡು ವರ್ಷ ಯಾವ ಕರೆಯೂ ಬರಲಿಲ್ಲ.

ರಾಜ್ಯಶಾಸ್ತ್ರವನ್ನಾದರೂ ಸುಮ್ಮನೆ ಬಿಟ್ಟನೇ? ಒಮ್ಮೆ ತಾಲ್ಲೂಕಿನ ಅಮಲ್ದಾರರು ನಮ್ಮೂರಲ್ಲಿ ಮೊಕ್ಕಾಂ ಮಾಡಿದ್ದರು. ಜನರೆಲ್ಲ ಕೈಕಟ್ಟಿಕೊಂಡು ಕೆರೆ ಏರಿಯದೋ ದಾರಿಯದೋ ಮಾತಾಡುತ್ತಿದ್ದರೆ ಚಿಕ್ಕಪ್ಪ ಮುಂದೆ ಹೋಗಿ ನಿಂತು, "ಸ್ವಾಮಿ, ನಮ್ಮ ಸಂಸ್ಥಾನದಲ್ಲಿ ಪರಮಾಧಿಕಾರ ಯಾರಲ್ಲಿದೆ? ಮಹಾರಾಜರಲ್ಲೋ, ದಿವಾನರಲ್ಲೋ, ರೆಸಿಡೆಂಟ್ ಸಾಹೇಬರಲ್ಲೋ?" ಎಂದು ಕೇಳಿದ. ಅಮಲ್ದಾರರು ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಸದ್ಯಕ್ಕೆ ನನ್ನಲ್ಲಿದೆ. ಆಚೆ ನಡಿ."

ಮನೆಗೆ ಬಂದು ಅವನು ಹೇಳಿದ್ದೇನು ಗೊತ್ತೇ? ಪುಸ್ತಕದವರು ಹತ್ತು ಪುಟ ಬರೆದೂ ಹೇಳಲಾರದ್ದನ್ನು ಆ ಮನುಷ್ಯ ಎರಡೇ ಮಾತಿನಲ್ಲಿ ಹೇಳಿಬಿಟ್ಟನಂತೆ! ಆ ಖುಷಿಯಲ್ಲಿ ಎರಡು ಮುದ್ದೆ ಉಂಡ. ಮೂರನೆಯದು ಬೇಡವೆಂದ, ಕಾರಣ ನಿಮಗೆ ಗೊತ್ತೇ ಇದೆ.

ಇನ್ನು ಫೇಲಾದ ಕಥೆಗೆ ಬರುತ್ತೇನೆ. ನಮ್ಮ ತಾತ ಎತ್ತಿನ ದಲ್ಲಾಳಿ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ದಲ್ಲಾಳಿ ತನ್ನ ಹೆಗಲ ಟವಲನ್ನು ಎದುರಿನವನ ಕೈಮೇಲೆ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳಬೇಕು. ಹಿಡಿದಷ್ಟು ಬೆರಳು, ಅಷ್ಟು ಬೆಲೆ. ಒಪ್ಪಿಗೆಯಾದರೆ ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಸುಕಬೇಕು. ಸುತ್ತ ನೂರು ಜನ ನಿಂತಿದ್ದರೂ ಏನು ಕುದುರಿತೆಂದು ತಿಳಿಯುವುದು ಎರಡು ಕೈಗಳಿಗೆ ಮಾತ್ರ. ಚಿಕ್ಕವಳಿದ್ದಾಗ ನನಗೂ ಚಿಕ್ಕಪ್ಪ ಇದನ್ನು ಆಟದ ಹಾಗೆ ಕಲಿಸಿದ್ದ.

ಮಾರುಕಟ್ಟೆಯೆಂದರೆ ಬೆಲೆ ಎಲ್ಲರಿಗೂ ಗೊತ್ತಿರಬೇಕು ಎಂದು ಕಾಲೇಜಿನ ಇಂಗ್ಲಿಷ್ ಪುಸ್ತಕದಲ್ಲಿತ್ತಂತೆ. ಮೊದಲ ವರ್ಷ ಓದಿ ರಜೆಗೆ ಬಂದವನು ಏನು ಮಾಡಿದ ಹೇಳಿ? ಸಂತೆಯಲ್ಲಿ ತಾತ ವ್ಯಾಪಾರಕ್ಕೆ ಕೂತಿದ್ದಾಗ ಹೋಗಿ ಟವಲನ್ನು ಎತ್ತಿಬಿಟ್ಟ! ಮಾರುಕಟ್ಟೆಯನ್ನು ಪರಿಪೂರ್ಣ ಮಾಡಲಿಕ್ಕಂತೆ! ಕೊಳ್ಳಲು ಬಂದಿದ್ದ ಪಾವಗಡದ ರೆಡ್ಡಿ, "ಏಮಯ್ಯಾ, ನೀ ಕೊಡುಕ್ಕಿ ಪಿಚ್ಚಿ ಪಟ್ಟಿಂದಾ?" ಎಂದು ತಾತನನ್ನು ಕೇಳಿದ. ಮಗನಿಗೆ ಹುಚ್ಚು ಹಿಡಿದಿರುವುದು ನಿಜವೆಂದು ತಾತ ಒಪ್ಪಿಕೊಂಡು, ಅದೇ ಟವಲಿನಲ್ಲಿ ಹುಚ್ಚನ್ನು ಬಿಡಿಸಿದರು.

ಆದರೆ ಚಿಕ್ಕಪ್ಪನಿಗೆ ತಗುಲಿದ್ದು ಆ ಏಟಲ್ಲ. ಎತ್ತು ಮಾರಲು ಬಂದಿದ್ದವನು ಹುಲಿಕುಂಟೆ ಕಡೆಯ ಒಬ್ಬ ರೈತ. ಏನು ಕಷ್ಟವೋ, ತೀರಾ ಕಡಿಮೆಗೆ ಒಪ್ಪಿದ್ದ. ಟವಲು ಎತ್ತಿದ್ದೇ ಅವನು ಎಷ್ಟಕ್ಕೆ ಇಳಿದಿದ್ದಾನೆಂದು ಸಂತೆಗೆಲ್ಲ ಗೊತ್ತಾಯಿತು.

"ಆವಯ್ಯನ ಮುಖ ನೋಡ್ದೆ ಕಣಮ್ಮ," ಎಂದು ಚಿಕ್ಕಪ್ಪ ನನಗೆ ಹೇಳಿದ್ದ. "ಅವತ್ತು ಗೊತ್ತಾಯ್ತು. ನಮ್ಮಪ್ಪ ಟವಲ್ ಹಾಕೋದು ಬೆಲೆ ಮುಚ್ಚಕ್ಕಲ್ಲ, ಮಾರೋನ ಮಾನ ಮುಚ್ಚಕ್ಕೆ."

ಸರಿಯಪ್ಪ, ತಿಳಿದುಕೊಂಡೆಯಲ್ಲ, ಮನಸ್ಸಿನಲ್ಲಿಟ್ಟುಕೋ! ಇಟ್ಟುಕೊಂಡನೇ? ಕೊನೆಯ ವರ್ಷದ ಪರೀಕ್ಷೆಯಲ್ಲಿ ನಮ್ಮ ಸೀಮೆಯ ಸಂತೆಗಳು ಏಕೆ ಹಿಂದುಳಿದಿವೆ ಎಂಬ ಪ್ರಶ್ನೆ ಬಂತು. ಬೆಲೆಯನ್ನು ಮುಚ್ಚಿಡುವುದು ಅಜ್ಞಾನಿಗಳ ಲಕ್ಷಣ ಎಂದು ಬರೆಯಬೇಕಿತ್ತು. ಮೇಷ್ಟ್ರು ಹೇಳಿಕೊಟ್ಟಿದ್ದೂ ಅದನ್ನೇ. ಒಂದು ವಾಕ್ಯ! ಬರೆದು ಮುಂದಿನ ಪ್ರಶ್ನೆಗೆ ಹೋಗಬಾರದೇ? ತನ್ನಪ್ಪ ಅಜ್ಞಾನಿಯಲ್ಲ ಎಂದು ಸಾಧಿಸುತ್ತಾ ಮೂರು ಗಂಟೆಯೂ ಅದೊಂದೇ ಉತ್ತರ ಬರೆದ. ಮಿಕ್ಕ ಪ್ರಶ್ನೆಗಳನ್ನು ಮುಟ್ಟಲಿಲ್ಲ. ಮುಂದಿನ ಮೂರು ವರ್ಷವೂ ಇದೇ ಹಣೆಬರಹ. ಒಂದು ವರ್ಷ ಆ ಪ್ರಶ್ನೆ ಬಂದೇ ಇರಲಿಲ್ಲ. ಆದರೂ ಉತ್ತರ ಬರೆದು ಬಂದ!

ಹೀಗೆ ಅವನು ಸತ್ಯ ಬರೆದದ್ದಕ್ಕೆ ನನಗೆ ಶಿಕ್ಷೆ. ಸಿರಾದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದೆಂದು ಗೊತ್ತಾಯಿತು. ಆ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಜಗಲಿಗೆ ಹೋಗಿ ಅವನ ಕೈಯಲ್ಲಿದ್ದ ಪುಸ್ತಕ ಕಿತ್ತು ಅಂಗಳಕ್ಕೆ ಎಸೆದೆ.

"ಒಂದು ವಾಕ್ಯ ಬರೆದಿದ್ದರೆ ನಿನ್ನ ಗಂಟೇನು ಹೋಗ್ತಿತ್ತು? ನೀನು ಪಾಸಾಗಿದ್ದರೆ ತಾತ ನನ್ನನ್ನು ಇಲ್ಲ ಅಂತಿದ್ರಾ?"

"ಅದು ಸುಳ್ಳು ಕಣಮ್ಮ."

"ನಿನ್ನ ಸತ್ಯ ನೀನೇ ಇಟ್ಕೊಂಡು ಪೂಜೆ ಮಾಡು! ನಾನು ಸಿರಾದಲ್ಲಿ ಮುದ್ದೆ ತಿರುವುತ್ತಾ ಕೂರ್ತೀನಿ. ನಿನ್ನ ಮುಖ ನೋಡಲ್ಲ ನಾನು!"

ಅವನು ಎದ್ದುಹೋಗಿ ಪುಸ್ತಕ ಎತ್ತಿಕೊಂಡು ಮಣ್ಣು ಒರೆಸಿದ. ಅಷ್ಟೇ. ಅವನು ಜಗಳವಾಡಿದ್ದರಾದರೂ ನನಗೆ ಸಮಾಧಾನವಾಗುತ್ತಿತ್ತು.

ಮಾರನೆಯ ದಿನ ಅಜ್ಜಿ ಅಡಿಗೆಮನೆಗೆ ಬಂದು, "ಇದೇನ್ ಕರ್ಮವೇ! ಅಪ್ಪ ಮಗ ಇಬ್ರೂ ಟವಲ್ ಹಾಕ್ಕೊಂಡು ಜಗಲಿ ಮ್ಯಾಲೆ ಕುಂತವ್ರೆ. ಸುತ್ತ ನೋಡ್ದೆ, ಒಂದ್ ಎತ್ತೂ ಇಲ್ಲ!" ಎಂದರು. ಅಮ್ಮ ನಕ್ಕರು. ನನಗೆ ನಗುವ ಮನಸ್ಸಿರಲಿಲ್ಲ. ತಾತನಿಗೂ ಚಿಕ್ಕಪ್ಪನಿಗೂ ಹುಚ್ಚು ಹಿಡಿಯಿತು ಎಂದುಕೊಂಡು ಸೌದೆ ಒಟ್ಟಿದೆ.

ಅದಾದ ಮೂರನೆಯ ದಿನ ಚಿಕ್ಕಪ್ಪ ಕೊಡೆ ಹಿಡಿದು ಹೊರಟುಹೋದ. ಎಲ್ಲಿಗೆ ಎಂದು ಹೇಳಲಿಲ್ಲ. ತಾತನ ಹತ್ತಿರ ನನ್ನ ಪರ ನಾಲ್ಕು ಮಾತಾಡಬೇಕಾದ ಹೊತ್ತಿಗೆ ಓಡಿಹೋದನಲ್ಲ ಎಂದು ಹಲ್ಲು ಕಡಿದೆ. ಮೂರು ವಾರ ಕಳೆದು ವಾಪಸು ಬಂದ. ಅಮ್ಮ ಅವತ್ತು ಹೋಳಿಗೆ ಮಾಡಿದ್ದರು. ಮೂರನೆಯದನ್ನು ಹಾಕಿದಾಗ ಸುಮ್ಮನೆ ತಲೆ ತಗ್ಗಿಸಿ ತಿಂದ. ನಾಲ್ಕನೆಯದನ್ನೂ ತಿಂದ. ನನಗೆ ಆಗಲೇ ಗೊತ್ತಾಗಬೇಕಿತ್ತು, ಏನೋ ಮುರಿದಿದೆ ಎಂದು.

ಸಿರಾದವರು ಬರುವುದನ್ನು ತಾತ ಏನೇನೋ ನೆಪ ಹೇಳಿ ಮುಂದಕ್ಕೆ ಹಾಕುತ್ತಿದ್ದರು. ತಿಂಗಳಾದ ಮೇಲೆ ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸಿನಲ್ಲಿ ಬಂದ ಪತ್ರಿಕೆಯಲ್ಲಿ ಆನರ್ಸ್ ಪರೀಕ್ಷೆಯ ಫಲಿತಾಂಶವಿತ್ತು. ಅಪ್ಪ ಓದಿ, ಎರಡು ಸಲ ಓದಿ, ಹೇಳಿದರು: ಚಿಕ್ಕಪ್ಪ ಪಾಸು. ಮೂರನೆಯ ದರ್ಜೆ. ತಾತ ಹೆಗಲ ಟವಲನ್ನು ಕೊಡವಿ ಮತ್ತೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಪೆಟ್ಟಿಗೆ ಕಟ್ಕೋ ಮಗಾ. ಮೈಸೂರಿಗೆ ಹೊಂಡು."

ಎತ್ತಿಲ್ಲದ ವ್ಯಾಪಾರ ಏನೆಂದು ನನಗೆ ಆಗ ಹೊಳೆಯಿತು: ಅವನು ಐದನೆಯ ಸಲ ಪರೀಕ್ಷೆ ಬರೆದು ಪಾಸಾದರೆ ನನಗೆ ಮೈಸೂರು. ತಾತನನ್ನು ಕೇಳಿದೆ, ಬಾಯಿ ಬಿಡಲಿಲ್ಲ. ಟವಲಿನ ಕೆಳಗೆ ಆದದ್ದನ್ನು ಹೇಳಿದರೆ ಅವರು ದಲ್ಲಾಳಿಯೇ ಅಲ್ಲ. ಚಿಕ್ಕಪ್ಪನನ್ನು ಹಿತ್ತಲಲ್ಲಿ ಹಿಡಿದೆ.

"ಏನು ಬರೆದೆ?"

"ಪುಸ್ತಕದಲ್ಲಿರೋದ್ನ."

"ಆ ಪ್ರಶ್ನೆ ಬಂದಿತ್ತಾ?"

"ಬಂದಿತ್ತು."

"ತಾತ ಅಜ್ಞಾನಿ ಅಂತ ಬರೆದೆಯಾ?"

ಅವನು ನುಗ್ಗೆ ಮರದ ಕಡೆ ನೋಡುತ್ತಾ, "ಅಪ್ಪಂಗೆ ಯೋಳ್ಬೇಡ," ಎಂದ.

ಅಯ್ಯೋ ನನ್ನ ಬಾಯಿಗೆ ಬೆಂಕಿ ಹಾಕ! ಯಾರ ಮೇಲೆ ಸಿಟ್ಟು ಮಾಡಲಿ ಹೇಳಿ? ಆ ಪ್ರಶ್ನೆ ತೆಗೆದವನ ಮೇಲೆಯೇ? ನಾಲ್ಕು ವರ್ಷದ ಸತ್ಯಕ್ಕೆ ಸೊನ್ನೆ ಹಾಕಿ ಒಂದು ಸುಳ್ಳಿಗೆ ಪದವಿ ಕೊಟ್ಟವರ ಮೇಲೆಯೇ? ಅವನ ಪುಸ್ತಕವನ್ನು ಮಣ್ಣಿಗೆ ಎಸೆದ ನನ್ನ ಮೇಲೆಯೇ?

ಹೊರಡುವ ದಿನ ಬಸ್ಸಿನ ಹತ್ತಿರ ಊರೆಲ್ಲ ನಿಂತಿತ್ತು. ಇದ್ದಿಲಿನ ಒಲೆ ಹೊತ್ತಿಕೊಂಡು ಬಸ್ಸು ಕೆಮ್ಮಲು ಶುರುವಾಯಿತು. ನಾನು ಕಿಟಕಿಯ ಪಕ್ಕ ಕೂತೆ. ಚಿಕ್ಕಪ್ಪ ಹತ್ತಿರ ಬಂದವನು ಹೆಗಲ ಮೇಲಿನ ಟವಲು ತೆಗೆದು ಕಿಟಕಿಯ ಕಟ್ಟೆಯ ಮೇಲಿದ್ದ ನನ್ನ ಕೈಮೇಲೆ ಹಾಕಿದ. ಅದರ ಕೆಳಗೆ ನನ್ನ ಒಂದು ಬೆರಳು ಹಿಡಿದ.

"ಒಂದಾ? ಏನು ಒಂದು ಚಿಕ್ಕಪ್ಪ?"

ಅವನು ತಲೆ ಬಗ್ಗಿಸಿ ನನಗಷ್ಟೇ ಕೇಳುವ ಹಾಗೆ ಹೇಳಿದ:

"ಒಂದ್ಸಲ ಆ ಸುಳ್ನ ನಾನ್ ಬರೆದಿವ್ನಿ. ಅಷ್ಟೇ ಸಾಕು. ಫೇಲಾದ್ರೂ ಚಿಂತೆ ಇಲ್ಲ, ನೀನ್ ಬರೀಬೇಡ ಕಣಮ್ಮ."

ನನ್ನ ಕಣ್ಣು ಮಂಜಾಯಿತು. ಕೈ ಮಾತ್ರ ತಪ್ಪಲಿಲ್ಲ. ಐದೂ ಬೆರಳು ಸೇರಿಸಿ ಅವನ ಕೈಯನ್ನು ಗಟ್ಟಿಯಾಗಿ ಹಿಸುಕಿದೆ.