ಮರದ ತುದಿಯಲ್ಲಿ ನನ್ನ ಬ್ಲಾಗು

ಕರ್ನಾಟಕದ ಸಮಸ್ತ ಶಿಕ್ಷಕ ಕುಲಕ್ಕೆ ಬುದ್ಧಿ ಹೇಳುವ ಹೊಣೆ ಇನ್ನು ನನ್ನದೇ ಎಂದು ನಾನು ತೀರ್ಮಾನಿಸಿದ್ದು ನಿವೃತ್ತನಾದ ಮಾರನೆಯ ಬೆಳಿಗ್ಗೆ, ಎರಡನೆಯ ಕಾಫಿ ಕೇಳಿ ಇಲ್ಲವೆನ್ನಿಸಿಕೊಂಡ ಗಳಿಗೆಯಲ್ಲಿ. ಹಾಲ್ಕುರಿಕೆಯ ಸುತ್ತಮುತ್ತ ಮೂವತ್ನಾಲ್ಕು ವರ್ಷ ವಿಜ್ಞಾನ ಹೇಳಿದ ಬಾಯಿ ಸುಮ್ಮನಿರಬಲ್ಲದೇ? 'ಬರೆಯುವ ಶಿಕ್ಷಕರಿಗೆ ಉಚಿತ ಅಂತರ್ಜಾಲ ಸಲಕರಣೆಗಳು' ಎಂಬ ಮೂರು ದಿನದ ಆನ್‌ಲೈನ್ ತರಬೇತಿ ಮುಗಿಸಿ ಬ್ಲಾಗು ತೆರೆದೇಬಿಟ್ಟೆ!

"ಜಗತ್ತೇ ನನ್ನ ಬರಹಕ್ಕೆ ಕಾದು ಕೂತಿದೆ ಕಣೇ!" ಎಂದೆ, ಹೆಂಡತಿ ವಿಮಲಮ್ಮನಿಗೆ.

"ಕೂತಿರ್ಲಿ ಬುಡಿ. ನೀವು ಎದ್ದು ಹಾಲು ತನ್ನಿ."

ಸಲಕರಣೆಗಳೋ, ಮಾಯಾ ಬಜಾರು! ಬರೆದಿಟ್ಟ ಲೇಖನವನ್ನು ನಾವು ಹೇಳಿದ ದಿನ, ಹೇಳಿದ ಗಂಟೆಗೆ ತಾನೇ ಪ್ರಕಟಿಸುತ್ತದೆ ಒಂದು. ಪ್ರಕಟವಾದ ಮರುಕ್ಷಣ ನನ್ನ ಫೋನಿನಲ್ಲಿ ನಂಬರಿರುವ ಮುನ್ನೂರ ಹನ್ನೆರಡು ಮಂದಿಗೂ ಸುದ್ದಿ ಮುಟ್ಟಿಸುತ್ತದೆ ಇನ್ನೊಂದು. ಕನ್ನಡಕ ಮರೆತವರಿಗಾಗಿ 'ಕೇಳಿ' ಎಂಬ ಗುಂಡಿ ಬೇರೆ. ಒತ್ತಿದರೆ ಯಾರೋ ಹೆಣ್ಣುಮಗಳು ಲೇಖನವನ್ನು ಜೇನಿನಲ್ಲಿ ಅದ್ದಿ ಅದ್ದಿ ಓದುತ್ತಾಳೆ.

ತರಬೇತಿ ಕೊಟ್ಟಾಕೆ, "ಬರೆದ ಲೇಖನವನ್ನು ನಾಳೆಗೋ ನಾಳಿದ್ದಿಗೋ ಗೊತ್ತುಮಾಡಿಡಿ" ಎಂದಿದ್ದಳು. ನಾಳೆಯಂತೆ! ಇವಳೇನು ಎಳನೀರು ಮಾರುವವಳೇ? ತಿಪಟೂರು ಸೀಮೆಯವನಿಗೆ ಹೇಳುವ ಮಾತೇ ಇದು? ನಾವು ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಅತ್ತ ತಲೆಯೆತ್ತಿಯೂ ನೋಡುವುದಿಲ್ಲ. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆಗ ಅದು ಕೊಬ್ಬರಿ! ಹಸಿಕಾಯಿಗೇ ಇಷ್ಟು ಸಂಯಮವಿರುವಾಗ ಸಾಹಿತ್ಯಕ್ಕೆ ಬೇಡವೇ? ಬರೆದ ಪ್ರತಿಯೊಂದು ಲೇಖನಕ್ಕೂ ಸರಿಯಾಗಿ ಹನ್ನೊಂದು ತಿಂಗಳ ಮುಂದಿನ ದಿನಾಂಕ ಹಾಕಿ, ಬ್ಲಾಗಿನ ಅಟ್ಟಕ್ಕೆ ಏರಿಸಿ, ನಮ್ಮ ಪದ್ಧತಿಯಂತೆ ಮರೆತುಬಿಟ್ಟೆ.

ಹಾಗೆ ಅಟ್ಟಕ್ಕೇರಿ ಮರೆತುಹೋದ ಲೇಖನಗಳಲ್ಲಿ ಒಂದರ ಹೆಸರು 'ಗಿಡ್ಡಯ್ಯನೆಂಬ ಮಹಾರಾಜ'.

ಗಿಡ್ಡಯ್ಯ ನಮ್ಮ ತೋಟದ ಕಾಯಿ ಕೆಡವುವವನು. ನಮ್ಮ ಕಡೆ ಹೆಣ್ಣಿಗೆ ಗಂಡು ಸಿಕ್ಕೀತು, ಗಂಡಿಗೆ ಹೆಣ್ಣೂ ಸಿಕ್ಕೀತು, ಮರ ಹತ್ತುವವನು ಸಿಕ್ಕಲಾರ! ಹೋದ ವರ್ಷ ಈ ಪುಣ್ಯಾತ್ಮ ಹದಿನೇಳು ಸಲ "ನಾಳೆ ಬತ್ತೀನಿ" ಎಂದು ಹದಿನೆಂಟನೆಯ ಸಲ ಫೋನನ್ನೇ ಎತ್ತಲಿಲ್ಲ. ಆ ಸಿಟ್ಟಿನಲ್ಲಿ ಬರೆದದ್ದು. ಆಮೇಲೆ ಅವನು ಬಂದ, ಕೆಡವಿದ, ನನ್ನ ಸಿಟ್ಟೂ ಇಳಿಯಿತು.

ಈ ವರ್ಷ ಪರಿಸ್ಥಿತಿ ಇನ್ನೂ ಭೀಕರ. ಅಡುಗೆಮನೆಯ ಹೆಂಚಿನ ಮೇಲೆ ಬಾಗಿದ ಮರದಲ್ಲಿ ಕಾಯಿ ಬಲಿತು, ಹಗಲೆಲ್ಲ ಧೊಪ್ ಧೊಪ್ ಎಂದು ಬೀಳತೊಡಗಿತು. ಹನ್ನೆರಡು ಹೆಂಚು ಹೋದವು. ವಿಮಲಮ್ಮ ನನ್ನ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡೇ ಮುದ್ದೆ ತೊಳಸುತ್ತಿದ್ದಳು! ದಬ್ಬೇಘಟ್ಟದಲ್ಲಿ ಮರ ಹತ್ತುವ ದುರ್ಗಯ್ಯನನ್ನು ಕೇಳಿದರೆ, "ಅದು ಗಿಡ್ಡಯ್ಯನ ತೋಟ, ನಾನು ಬರಾಕಿಲ್ಲ" ಎಂದ. ತೋಟ ನನ್ನದಲ್ಲವೇನಯ್ಯಾ!

ಅಂತೂ ವಿಮಲಮ್ಮ ಅಣ್ಣಾ ತಮ್ಮಾ ಎಂದು ಪುಸಲಾಯಿಸಿ, ಮೊನ್ನೆ ಗುರುವಾರ ಗಿಡ್ಡಯ್ಯನನ್ನು ಕರೆತಂದಳು. ನಾಲ್ಕು ಇಡ್ಲಿ, ಎರಡು ಕಾಫಿಯ ನೈವೇದ್ಯ ಸ್ವೀಕರಿಸಿ, ಅವನು ಅಡುಗೆಮನೆಯ ಮೇಲಿನ ಮರವನ್ನೇ ಮೊದಲು ಹತ್ತಿದ. ಇನ್ನೇನು ಮಚ್ಚು ಬೀಸಬೇಕು, ಗಂಟೆ ಹತ್ತು ಹೊಡೆಯಿತು.

ಟಿಂಗ್! ನನ್ನ ಜೇಬಿನಲ್ಲಿ. ಟಿಂಗ್! ಅಡುಗೆಮನೆಯಲ್ಲಿ. ಟಿಂಗ್! ಮರದ ತುದಿಯಲ್ಲಿ.

"ಮೇಷ್ಟ್ರೇ!" ಮೇಲಿಂದ ಹರ್ಷೋದ್ಗಾರ ಕೇಳಿಸಿತು. "ನನ್ ಹೆಸ್ರು ಬಂದೈತೆ ಫೋನಲ್ಲಿ! ಮಹಾರಾಜ ಅಂತವಾ!"

ಅಟ್ಟಕ್ಕೇರಿಸಿ ಹನ್ನೊಂದು ತಿಂಗಳು ತುಂಬಿದ್ದು ಇವತ್ತೇ! ಮರದ ಬುಡಕ್ಕೆ ಓಡಿದೆ. "ಓದಬೇಡ ಕಣಪ್ಪ! ಮೊದಲು ಕೆಲಸ ನೋಡು!"

"ಓದಾಕೆಲ್ಲಿ ಸಾ, ಕನ್ನಡಕ ತಂದಿಲ್ಲ. 'ಕೇಳಿ' ಅಂತ ಒಂದು ದಪ್ಪ ಗುಂಡಿ ಐತೆ, ತಡೀರಿ."

ಒತ್ತಿಯೇಬಿಟ್ಟ! ಐವತ್ತಡಿ ಎತ್ತರದಿಂದ ಆ ಜೇನಿನ ಹೆಣ್ಣುಮಗಳು ಆಕಾಶವಾಣಿಯಂತೆ ಶುರು ಮಾಡಿದಳು: "ಗಿಡ್ಡಯ್ಯನವರು ನಾಳೆ ಎಂದರೆ, ಅದು ಯಾವ ಸಂವತ್ಸರದ ನಾಳೆ ಎಂದು ಪಂಚಾಂಗ ತೆಗೆಸಬೇಕು. ಹತ್ತಲು ಎರಡು ಕಾಫಿ, ಇಳಿಯಲು ಮೂರು. ಕಾಗೆಯೂ ಮರದ ಮೇಲೆ ಕೂರುತ್ತದೆ. ಆದರೆ ಕಾಗೆ ಯಾರನ್ನೂ ಹದಿನೆಂಟು ಸಲ ಕಾಯಿಸುವುದಿಲ್ಲ."

ಹೀಗೇ ನಾಲ್ಕು ನಿಮಿಷ! ನಾನೇ ಬರೆದದ್ದು ಇಷ್ಟು ಉದ್ದವಿದೆಯೆಂದು ನನಗೇ ಗೊತ್ತಿರಲಿಲ್ಲ.

"ಮೇಷ್ಟ್ರೇ."

"ಏನಪ್ಪಾ?"

"ಕಾಗೇಗಿಂತ ಕಡೆಯಾ ನಾನು?"

"ಅದು ಹೋದ ವರ್ಷದ ಸಿಟ್ಟು ಕಣಪ್ಪ! ಈಗ ನಿನ್ನ ಮೇಲೆ ಗೌರವ ಉಕ್ಕಿ ಹರೀತಾ ಇದೆ!"

"ಹೋದ್ ವರ್ಸದ್ದು ಈಗ್ ಯಾಕ್ ಹಾಕಿದ್ರಿ?"

"ಒಣಗಲಿ ಅಂತ!"

ವಿಮಲಮ್ಮ ಹೆಲ್ಮೆಟ್ಟಿನ ಮೇಲೆಯೇ ಹಣೆ ಚಚ್ಚಿಕೊಂಡಳು, ಟಕ್ ಎಂದಿತು. ಗಿಡ್ಡಯ್ಯ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಅದನ್ನ ಅಳಿಸಿ. ಅಳಿಸೋಗಂಟ ಒಂದು ಕಾಯಿ ಕೆಡವಾಕಿಲ್ಲ. ನಾನೊಬ್ನೇ ಅಲ್ಲ, ಇಲ್ಲಿಂದ ಹುಳಿಯಾರಿನ ಗಂಟ ಮರ ಹತ್ತೋ ಒಬ್ನೂ ನಿಮ್ ತೋಟಕ್ಕೆ ಕಾಲಿಡಾಕಿಲ್ಲ!"

ಮನೆಯ ಮೇಲೆ ನೂರಾರು ಬಲಿತ ಕಾಯಿ, ಕೆಳಗೆ ಒಬ್ಬಳೇ ಹೆಂಡತಿ, ಇರುವುದೊಂದೇ ಹೆಲ್ಮೆಟ್ಟು! ಓಡಿಹೋಗಿ ಲ್ಯಾಪ್‌ಟಾಪ್ ತೆರೆದೆ. ಪಾಸ್‌ವರ್ಡ್ ಹಾಕಿದೆ. ಆ ದರಿದ್ರ ಯಂತ್ರ ಕೇಳಿತು: 'ನೀವು ಮನುಷ್ಯರೇ? ಮರವಿರುವ ಚೌಕಗಳನ್ನು ಗುರುತಿಸಿ.'

ಮರ! ಇನ್ನೂರು ಮರದ ಒಡೆಯನಿಗೆ ಮರದ ಪರೀಕ್ಷೆ! ಬೊಡ್ಡೆಯಿದ್ದ ಎರಡು ಚೌಕ ಒತ್ತಿದೆ. ತಪ್ಪು ಎಂದಿತು. ಗರಿ ಚಾಚಿದ ಚೌಕಗಳನ್ನೂ ಒತ್ತಬೇಕಂತೆ! ಯಾವ ಊರಿನ ನ್ಯಾಯ ಇದು? ಬುಡ ಯಾರ ಜಮೀನಿನಲ್ಲಿದೆಯೋ ಮರ ಅವರದು. ಗರಿ ಪಕ್ಕದವರ ಬದುವಿಗೆ ಚಾಚಿದ ಮಾತ್ರಕ್ಕೆ ಮರ ಅವರದಾಗುತ್ತದೆಯೇ? ಇದೇ ತಕರಾರಿನಲ್ಲಿ ನಮ್ಮಪ್ಪ ಒಂಬತ್ತು ವರ್ಷ ಪಕ್ಕದವರೊಡನೆ ಮಾತು ಬಿಟ್ಟಿದ್ದ! ನಾನು ತತ್ವ ಬಿಡಲಿಲ್ಲ. ಐದು ಸಲವೂ ಬೊಡ್ಡೆಯನ್ನೇ ಒತ್ತಿದೆ. ಯಂತ್ರ ತೀರ್ಪಿತ್ತಿತು: 'ನೀವು ಮನುಷ್ಯರೆಂದು ಖಚಿತವಾಗಿಲ್ಲ. ಇಪ್ಪತ್ನಾಲ್ಕು ಗಂಟೆಗಳ ನಂತರ ಪ್ರಯತ್ನಿಸಿ.'

"ಅಳಿಸಿದ್ರಾ?" ಎಂದ ಮೇಲಿನವನು.

"ನಾಳೆ ಅಳಿಸ್ತೀನಿ ಕಣಪ್ಪ!"

"ನಾಳೆನಾ? ಯಾವ್ ಸಂವತ್ಸರದ ನಾಳೆ?"

ವಿಮಲಮ್ಮ ಮಧ್ಯೆ ಬಂದಳು. "ಗಿಡ್ಡಣ್ಣ, ಸುಮ್ಕೆ ಯಾಕೆ ಮನಸ್ಸಿಗೆ ಹಚ್ಕೋತೀಯ? ಇವ್ರು ಬರೆದಿದ್ದನ್ನ ಯಾರು ಓದ್ತಾರೆ?"

"ಸಾವಿರಾರು ಜನ ಓದ್ತಾರೆ ಅಂತ ಮೇಷ್ಟ್ರೇ ಅಂಗ್ಡಿ ತಾವ ಹೇಳ್ತಿದ್ರು ಕಣಕ್ಕ. ನನ್ ಮಾನ ಎಷ್ಟ್ ಮನೆಗೆ ಹೋಯ್ತು, ಅದನ್ನ ಹೇಳ್ರಿ ಮೊದ್ಲು."

"ನೋಡಿ ಹೇಳ್ರೀ" ಎಂದಳು ವಿಮಲಮ್ಮ. ಅವಳ ಕಣ್ಣು ನೋಡಿದರೆ ಸುಳ್ಳು ಹೇಳುವ ಧೈರ್ಯ ಯಾವ ಗಂಡನಿಗೂ ಬರದು. ಪಾಸ್‌ವರ್ಡ್ ಬೇಡದೆ ಎಲ್ಲರಿಗೂ ಕಾಣುವ ಬ್ಲಾಗಿನ ಪುಟ ತೆರೆದು, ತಳದಲ್ಲಿದ್ದ ಓದುಗರ ಅಂಕಿ ನೋಡಿದೆ.

"ಇಬ್ಬರು" ಎಂದೆ ಮೆಲ್ಲಗೆ.

"ಕೇಳ್ಸಾಕಿಲ್ಲ!"

"ಇಬ್ಬರು!" ಎಂದು ತೋಟವೆಲ್ಲ ಕೇಳುವಂತೆ ಕೂಗಿದೆ.

"ಯಾರ್ಯಾರು?"

"ಒಬ್ಬ ನೀನು. ಇನ್ನೊಬ್ಬ ನಾನು, ಈಗ ಎಣಿಸೋಕೆ ತೆಗೆದೆನಲ್ಲ!"

"ವಿಮಲಕ್ಕ, ನೀನೂ ನೋಡಿಲ್ವಾ?"

"ನಂಗೆಲ್ಲಿ ಪುರುಸೊತ್ತಪ್ಪ, ತಲೆ ಮೇಲೆ ಕಾಯಿ ಬೀಳೋವಾಗ!"

ಗಿಡ್ಡಯ್ಯ ನಕ್ಕ ನಗುವಿಗೆ ಮರ ಅಲುಗಾಡಿ ನಾಲ್ಕು ಕಾಯಿ ತಾವಾಗೇ ಉದುರಿದವು. ಮಿಕ್ಕ ಮುನ್ನೂರ ಹನ್ನೊಂದು ಮಂದಿಯಲ್ಲಿ ಒಬ್ಬರೂ ತೆರೆದಿಲ್ಲ! ನನ್ನ ಶಿಷ್ಯರು, ನೆಂಟರು, ಹಲ್ಲಿನ ಡಾಕ್ಟರು, ಒಬ್ಬರೂ!

ಮಧ್ಯಾಹ್ನದ ಹೊತ್ತಿಗೆ ಮನೆಯ ಸುತ್ತಲಿನ ಮರವನ್ನೆಲ್ಲ ಕೆಡವಿ ಮುಗಿಸಿದ. ಜಗಲಿಯಲ್ಲಿ ಕಾಫಿ ಹೀರುತ್ತಾ ನನ್ನ ಭುಜ ತಟ್ಟಿದ. ಅಷ್ಟು ಕರುಣೆಯಿಂದ ನನ್ನನ್ನು ನಮ್ಮವ್ವನೂ ನೋಡಿರಲಿಲ್ಲ.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ಇನ್ನೊಂದು ಬರೀರಿ, ಬೇಕಾದ್ರೆ ನಂಗೇ ಬಯ್ರಿ. ನಾನೊಬ್ನಾದ್ರೂ ಕೇಳ್ತೀನಿ. ಆದ್ರೆ ನಮ್ ಹಟ್ಟಿ ತಾವ ಫೋನ್ ಬತ್ತದೆ, ಇಂಟರ್‌ನೆಟ್ ಬರಾಕಿಲ್ಲ, ನಿಮ್ ಮರದ ತುದೀಲಿ ಮಾತ್ರ ಬತ್ತದೆ. ನೀವು ಬರೆದಾಗ ಹತ್ತಿಬಿಟ್ಟು ಕೇಳ್ಕೊಂಡು ಹೋಯ್ತೀನಿ."

ವಿಮಲಮ್ಮ ಹೆಲ್ಮೆಟ್ ತೆಗೆದು ಮೊಳೆಗೆ ತೂಗುಹಾಕಿದಳು. ಅಂದಿನಿಂದ ನನ್ನ ಬ್ಲಾಗಿಗೆ ಅವಳೇ ಸಂಪಾದಕಿ. ಪ್ರತಿದಿನ ತಲೆಯೆತ್ತಿ ಗೊನೆ ನೋಡುತ್ತಾಳೆ. ಕಾಯಿ ಬಲಿಯುವವರೆಗೆ ಒಂದಕ್ಷರ ಪ್ರಕಟಿಸಲೂ ನನಗೆ ಅಪ್ಪಣೆಯಿಲ್ಲ!