ಖಾಲಿ ಕೊಡದ ಅಪಶಕುನ ಮತ್ತು ಮರುಭೂಮಿ ಕೇಂದ್ರ

ಹವಾಮಾನ ಬದಲಾವಣೆಯ ಅಧ್ಯಯನಕ್ಕಾಗಿ ಬಳ್ಳಾರಿ–ಕುರುಗೋಡು ರಸ್ತೆಯ ಪಕ್ಕದಲ್ಲಿ ಮರುಭೂಮಿ ಸಂಶೋಧನಾ ಕೇಂದ್ರವೊಂದು ಕಾರ್ಯನಿರ್ವಹಿಸುತ್ತಿದೆ ಎಂಬುದನ್ನು ಈ ಮೂಲಕ ಸಮಸ್ತ ನಾಗರಿಕರ ಗಮನಕ್ಕೆ ತರಲಾಗಿದೆ. ಅಲ್ಲಿ ಮರುಭೂಮಿ ಎಲ್ಲೈತಿ ಎಂದು ಕೆಲವು ಕಿಡಿಗೇಡಿಗಳು ಕೇಳಿದ್ದುಂಟು. ಮೊದಲು ಕಟ್ಟಡ ಮಂಜೂರಾಗುತ್ತದೆ, ಮರುಭೂಮಿ ಆಮೇಲೆ ತಾನಾಗಿಯೇ ಬರುತ್ತದೆ. ಇಷ್ಟೂ ತಿಳಿಯದವರ ಹತ್ತಿರ ಏನು ಮಾತಾಡುವುದು?

ಏಪ್ರಿಲ್‌ನಲ್ಲಿ ಪರಿಶೀಲನಾ ಸಮಿತಿ ಬರುವುದೆಂದು ಸುದ್ದಿ ಬಂತು. ನಿರ್ದೇಶಕ ಹಂಪೇಶ್ ಸಾಹೇಬರು ವಾಡಿಕೆಯಂತೆ ಶಾಮಿಯಾನ ಹಾಕಿಸಿ, ಕೂಲರ್ ಇಡಿಸಿ, ದೊಡ್ಡವರ ಕಾರಿಗೆ ಧೂಳು ತಾಗದಿರಲೆಂದು ಆವರಣಕ್ಕೆಲ್ಲ ನೀರು ಹೊಡೆಸತೊಡಗಿದರು. ಟ್ಯಾಂಕರನ್ನು ಪಕ್ಕದ ಓಣಿಯಿಂದ ತರಿಸಲಾಗಿತ್ತು. ಓಣಿಗೆ ಕುಡಿಯುವ ನೀರು ತರುತ್ತಿದ್ದುದು ಅದೊಂದೇ.

ಓಣಿಯ ಅಂಬಮ್ಮ ನಾಲ್ಕಾರು ಹೆಂಗಸರೊಡನೆ ಖಾಲಿ ಕೊಡ ಹಿಡಿದು ಗೇಟಿಗೆ ಬಂದಳು. ಮಗಳು ಶೈಲಜಾ ಹಸಿ ಬಾಣಂತಿ. ಮನೆಯಲ್ಲಿ ಎರೆಯಲು ಹನಿ ನೀರಿಲ್ಲ.

"ಒಂದ್ ಕೊಡ ಕೊಡ್ರಿ ಸಾಹೇಬ್ರ, ಕೂಸಿಗೆ ಎರೀಬೇಕ್ರಿ."

"ಇದು ಮರುಭೂಮಿ ಕೇಂದ್ರ ಐತಮ್ಮ," ಎಂದರು ಸಾಹೇಬರು, ಒದ್ದೆಯಾದ ಬೂಟು ಒರೆಸಿಕೊಳ್ಳುತ್ತ. "ಇಲ್ಲಿ ನೀರು ಕೇಳಬಾರದು."

ಅಷ್ಟರಲ್ಲಿ ಸಮಿತಿಯ ಕಾರುಗಳು ತಿರುವಿನಲ್ಲಿ ಕಂಡವು. ಕೂಸಿಗೆ ಹನಿ ನೀರಿಲ್ಲವೆಂದರೂ ಅಳುಕದ ಮನುಷ್ಯ, ಖಾಲಿ ಕೊಡ ಎದುರಾದರೆ ಅಪಶಕುನವೆಂದು ನಡುಗಿಹೋದರು. ಟ್ಯಾಂಕರಿನಿಂದ ಲಗುಬಗೆಯಲ್ಲಿ ಕೊಡಗಳನ್ನು ತುಂಬಿಸಿ, ಮೇಲೊಂದು ಮಾವಿನ ಟೊಂಗೆ ಸಿಕ್ಕಿಸಿ, ಇದು ಪೂರ್ಣಕುಂಭ ಸ್ವಾಗತವೆಂದು ಘೋಷಿಸಿದರು. ಅಂಬಮ್ಮನ ನೀಲಿ ಪ್ಲಾಸ್ಟಿಕ್ ಕೊಡವೂ ಕುಂಭವಾಯಿತು.

ಸಮಿತಿಯ ಅಧ್ಯಕ್ಷ ಗವಿಸಿದ್ದಪ್ಪನವರು ಉಷ್ಣಮಾಪಕ ನೋಡಿ ಹುಬ್ಬೇರಿಸಿದರು. ಬಳ್ಳಾರಿಯಲ್ಲಿ ಹೆಂಚು ಕಾದಂಥ ಬಿಸಿಲು, ಇಲ್ಲಿ ಮಾತ್ರ ತಂಪು.

"ಹಿಂಗ್ಯಾಕ್ರಿ?"

"ಅದೇ ಸರ್, ಹವಾಮಾನ ಬದಲಾವಣೆ," ಎಂದರು ಹಂಪೇಶ್.

ಸಮಿತಿಗೆ ಪರಮ ತೃಪ್ತಿಯಾಯಿತು. ಊಟ ಮುಗಿಸಿ, ತೇಗುತ್ತಲೇ ಠರಾವು ಮಾಡಿದರು: ಸಮಿತಿ ಭೇಟಿ ಕೊಟ್ಟರೆ ತಾಪಮಾನ ಇಳಿಯುವುದು ವೈಜ್ಞಾನಿಕವಾಗಿ ಸಾಬೀತಾಗಿರುವುದರಿಂದ, ಲೋಕಹಿತಕ್ಕಾಗಿ ಪ್ರತಿ ಸೋಮವಾರ ಭೇಟಿ ಕೊಡತಕ್ಕದ್ದು; ಸದರಿ ಟ್ಯಾಂಕರನ್ನು ಕೇಂದ್ರಕ್ಕೆ ಕಾಯಂ ವರ್ಗಾಯಿಸತಕ್ಕದ್ದು. ನಾಚಿಕೆ ಎಂಬ ಪದಾರ್ಥ ಆ ಸಭೆಯಲ್ಲಿ ಯಾರ ಎಲೆಗೂ ಬಡಿಸಿರಲಿಲ್ಲ.

ಸ್ವಾಗತ ಮುಗಿದದ್ದೇ ಅಂಬಮ್ಮ ಟೊಂಗೆ ಕಿತ್ತೆಸೆದು, ಕೊಡವನ್ನು ಸೊಂಟಕ್ಕೇರಿಸಿ ಮನೆಗೆ ಓಡಿದಳು. ಆ ದಿನ ಕೂಸಿಗೆ ಎರೆದರು.

ಈಗ ಸೋಮವಾರ ಬಂತೆಂದರೆ ಇಡೀ ಓಣಿ ಖಾಲಿ ಕೊಡ ಹಿಡಿದು ಗೇಟಿನಲ್ಲಿ ಸಾಲಾಗಿ ನಿಲ್ಲುತ್ತದೆ; ಪೂರ್ಣಕುಂಭಕ್ಕೆಂದು ಕೊಡಗಳು ತುಂಬುತ್ತವೆ. ಮಹಿಳೆಯರ ಸ್ವಯಂಪ್ರೇರಿತ ಸಹಭಾಗಿತ್ವವೆಂದು ಕೇಂದ್ರದ ವರದಿಯಲ್ಲಿ ಫೋಟೊ ಸಹಿತ ಬಂದಿದೆ. ಟ್ಯಾಂಕರ್ ವಾಪಸ್ ಕೊಡಿ ಎಂದು ಯಾರೂ ಕೇಳುವುದಿಲ್ಲ. ಕಳೆದ ವಾರ ಸಮಿತಿ ಸಿರುಗುಪ್ಪಕ್ಕೆ ಮದುವೆಗೆ ಹೋಗಿ ಇತ್ತ ಬರಲಿಲ್ಲ. ಅಂಬಮ್ಮ ಅಳುವ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಒಣ ಬಟ್ಟೆಯಲ್ಲಿ ಮೈ ಒರೆಸಿ ಸಮಾಧಾನ ಮಾಡಿದಳು:

"ಸುಮ್ನಿರು ನನ್ನಪ್ಪ. ಬರೋ ಸೋಮವಾರ ಸಮಿತಿ ಸಾಹೇಬ್ರು ಬರ್ತಾರ, ಜಳಕ ಮಾಡಿಸ್ತೀನಿ."