ಕೀರ್ತಿಗಿರಿಯ ಅಡಿಬರಹ

ಓದುಗ ಮಹಾಶಯರೇ, ಬಹಳ ಹಿಂದೆ ಕೀರ್ತಿಗಿರಿ ಎಂಬ ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ. ಅಲ್ಲಿ ಆನೆ, ಅಂಬಾರಿ, ಹೊಗಳುಭಟರ ಜೊತೆಗೆ ಒಂದು ಸರ್ವರ್ ಕೂಡ ಇತ್ತು. ಇಡೀ ರಾಜ್ಯಕ್ಕೆ ಅದೊಂದೇ. ಸಂತೆ, ಶಾಲೆ, ಕುಂಬಾರರ ಸಂಘ, ಎಲ್ಲರ ವೆಬ್ ಪುಟಗಳೂ ಅದರೊಳಗೇ ಒತ್ತೊತ್ತಾಗಿ ವಾಸವಾಗಿದ್ದವು.

ಒಂದು ದಿನ ಪ್ರಚಂಡಕೀರ್ತಿ ಮಹಾರಾಜರು ಸಂತೆಯ ಪುಟವನ್ನು ತೆರೆದರು. ಅದರಲ್ಲಿ ಬದನೆಕಾಯಿ ಇತ್ತು, ಹೀರೆಕಾಯಿ ಇತ್ತು, ತಾವಿರಲಿಲ್ಲ.

"ಮಂತ್ರಿಗಳೇ, ಬದನೆಕಾಯಿಗೆ ಇರುವ ಸ್ಥಾನ ನಮಗಿಲ್ಲವೇ?"

"ಪ್ರಭೋ, ಬದನೆಕಾಯಿ ಬೆಳೆದದ್ದೇ ತಮ್ಮ ಮುಖ ನೋಡಿ," ಎಂದ ಮಹಾಮಂತ್ರಿ ವಿನಯಗುಪ್ತ. ಈತನ ಬೆನ್ನು ನೆಟ್ಟಗಿದ್ದದ್ದನ್ನು ಹೆತ್ತ ತಾಯಿಯೂ ಕಂಡಿರಲಿಲ್ಲ. "ಇಂದಿನಿಂದ ಪ್ರತಿ ಪುಟದ ಕೆಳಗೂ ತಮ್ಮ ಅಡಿಬರಹ. ಯಾರೂ ಬರೆಯಬೇಕಾಗಿಲ್ಲ. ಪುಟ ಹೊರಡುವಾಗ ಸರ್ವರೇ ಅಂಟಿಸಿ ಕಳಿಸುತ್ತದೆ. ಭಕ್ತಿ ಇನ್ನು ಆಟೋಮ್ಯಾಟಿಕ್!"

ಅಂದಿನಿಂದ ರಾಜ್ಯದ ಎಲ್ಲ ಪುಟಗಳ ತಳದಲ್ಲೂ ರಾಜಮುದ್ರೆಯೊಂದಿಗೆ ಹೀಗೆ ಕಾಣತೊಡಗಿತು: 'ಇದು ಮಹಾರಾಜರ ಕೊಡುಗೆ. ಸಕಲ ಪ್ರಜೆಗಳೂ ತಪ್ಪದೆ ಪ್ರಯೋಜನ ಪಡೆಯಿರಿ.' ಕಳ್ಳರಿದ್ದಾರೆ ಎಂಬ ಎಚ್ಚರಿಕೆಯ ಕೆಳಗೂ ಅದೇ, ತಿಥಿಯ ಆಹ್ವಾನದ ಕೆಳಗೂ ಅದೇ. ಅರಮನೆಯ ಊಟದ ಪಟ್ಟಿಯ ಕೆಳಗೂ ಬಂತು. ಅದನ್ನು ಓದಿದ ನಾಲ್ಕು ನೂರು ಮಂದಿ ಎಲೆ ಹಿಡಿದುಕೊಂಡು ಬಂದು, ಉಂಡು ಹೋದರು. ಮರುಗಳಿಗೆಯೇ ಆ ಒಂದು ಪುಟಕ್ಕೆ ವಿನಾಯಿತಿ ಸಿಕ್ಕಿತು.

ಆ ವಾರವೇ ಅರಮನೆಯ ಬಾವುಟಗಳಿಗೆ ಬಣ್ಣ ಹಾಕುವ ಕಾರ್ಖಾನೆಯ ಹೊಲಸು ನೀರು ಕಲ್ಲಾಪುರದ ದೊಡ್ಡಬಾವಿಗೆ ಇಳಿಯಿತು. ಊರಿನ ನೀರು ಪರೀಕ್ಷಿಸುವ ಕೆಲಸ ಹಾಲವ್ವನದು. ಆಕೆ ಕೂಡಲೇ ತನ್ನ ಪುಟದಲ್ಲಿ ಬರೆದಳು: 'ದೊಡ್ಡಬಾವಿಯ ನೀರಿನಲ್ಲಿ ವಿಷವಿದೆ. ಯಾರೂ ಕುಡಿಯಬೇಡಿ.' ಕೆಳಗೆ ಸರ್ವರ್ ತನ್ನ ಕರ್ತವ್ಯವನ್ನು ಮಾಡಿತು.

ಹಾಲವ್ವನ ಅಕ್ಕ ಗಂಗವ್ವ ಎರಡನ್ನೂ ಓದಿ ಕೊಡ ಎತ್ತಿಕೊಂಡಳು.

"ಅಕ್ಕಾ, ಹೋಗಬ್ಯಾಡ! ಓದಲಿಲ್ಲೇನು?"

"ಓದೀನವ್ವ. ಮ್ಯಾಲಿಂದು ನೀ ಹೇಳಿದ್ದು, ಕೆಳಗಿಂದು ರಾಜರು ಹೇಳಿದ್ದು. ತಪ್ಪದೆ ಅಂದಾರ. ನಾಳೆ ಯಾಕ ತಪ್ಪಿದಿ ಅಂತ ಕೇಳಿದ್ರ ನೀ ಬರ್ತೀಯೇನು?"

ಹಾಲವ್ವ ಅಕ್ಕನ ಕೊಡ ಕಸಿದು ಮನೆಯೊಳಗಿಟ್ಟು, ಬಾಗಿಲು ಹಾಕಿ, ಮಂತ್ರಿಯ ಬಳಿಗೆ ಓಡಿದಳು.

"ಯಪ್ಪಾ, ಆ ಸಾಲು ನಾ ಬರದದ್ದಲ್ರೀ. ನನ್ನ ಪುಟದಾಗ ಹುಡುಕಿದ್ರ ಸಿಗೂದಿಲ್ಲ, ಮಂದಿ ತೆರದ್ರ ಕಾಣತೈತಿ. ನನ್ನದೊಂದು ಪುಟ ಬಿಟ್ಟುಬಿಡ್ರಿ. ಓಣಿ ಮಂದಿ ಕೊಡ ಹೊತ್ತು ಹೊಂಟಾರ."

"ಮಹಾರಾಜರ ಹೆಸರನ್ನು ತೆಗೆಯಲು ನಾನು ಸಹಿ ಹಾಕಲೇ, ತಾಯಿ? ನನ್ನ ತಲೆ ಉಳಿಯುತ್ತದೆಯೇ?"

"ಊಟದ ಪುಟಕ್ಕ ತಗದೀರಲ್ರೀ?"

"ಅದು ತುರ್ತು ಪರಿಸ್ಥಿತಿ," ಎಂದ ಮಂತ್ರಿ ಗಂಭೀರವಾಗಿ. "ಪಾಯಸ ಮುಗಿದುಹೋಗಿತ್ತು."

ಹಾಲವ್ವ ಓಡಿಬಂದು ಬಾವಿಕಟ್ಟೆಯ ಮೇಲೆ ಕೈ ಅಗಲಿಸಿ ನಿಂತಳು. ಕೂಗಿದಳು, ಬೈದಳು, ಕಾಲಿಗೆ ಬಿದ್ದಳು. ಭಟರು ಬಂದು, ರಾಜರ ಕೊಡುಗೆಗೆ ಅಡ್ಡಿಪಡಿಸಿದ ಅಪರಾಧಕ್ಕಾಗಿ ಆಕೆಯನ್ನು ಎಳೆದೊಯ್ದರು. ಜನ ಸಾಲಾಗಿ ನಿಂತು ಶಿಸ್ತಿನಿಂದ ನೀರು ಸೇದಿದರು. ಗಂಗವ್ವನೂ ನೆರೆಮನೆಯ ಕೊಡ ಕೇಳಿ ತಂದು ಆ ಸಾಲಿನಲ್ಲಿ ನಿಂತಳು. ಬರೆಯಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಬರೆಯುತ್ತೇನೆ: ಮೂರು ದಿನಗಳಲ್ಲಿ ಮೂವತ್ತೊಂದು ಮಂದಿ ಸತ್ತರು. ಗಂಗವ್ವನೂ ಸತ್ತಳು.

ಆಸ್ಥಾನದಲ್ಲಿ ವಿನಯಗುಪ್ತ ಅಂಕಿಅಂಶ ಮಂಡಿಸಿದ. ಇಡೀ ರಾಜ್ಯದಲ್ಲಿ ಅತಿ ಹೆಚ್ಚು ಜನ ತೆರೆದ ಪುಟ ಕಲ್ಲಾಪುರದ್ದು. ಅಡಿಬರಹವನ್ನು ಓದಿ ಪಾಲಿಸಿದವರ ಪ್ರಮಾಣ ಶೇಕಡಾ ತೊಂಬತ್ತೆಂಟು. ಮಹಾರಾಜರ ಕಣ್ಣು ತುಂಬಿತು. ಮಂತ್ರಿಗೆ 'ಅಡಿಬರಹ ರತ್ನ' ಬಿರುದು, ಆನೆಯ ಮೇಲೆ ಮೆರವಣಿಗೆ.

ಸನ್ಮಾನ ಸಮಾರಂಭಕ್ಕೆ ಕಲ್ಲಾಪುರದ ಫಲಾನುಭವಿಗಳೆಲ್ಲರೂ ಕಡ್ಡಾಯವಾಗಿ ಬರಬೇಕೆಂದು ಆಜ್ಞೆಯಾಯಿತು. ಮೂವತ್ತೊಂದು ಕುರ್ಚಿಗಳು ಖಾಲಿ ಉಳಿದವು. ಗೈರುಹಾಜರಿಗೆ ಕಾರಣ ಕೇಳಿ ಮರುದಿನ ನೋಟಿಸುಗಳು ಹೊರಟವು. ಗಂಗವ್ವನ ಮನೆಗೆ ಬೀಗ ಬಿದ್ದಿದ್ದರಿಂದ, ಅವಳ ಹೆಸರಿನ ನೋಟಿಸನ್ನು ಸೆರೆಮನೆಗೆ ತಂದು, ತಂಗಿ ಹಾಲವ್ವನ ಸಹಿ ಪಡೆದು ಕೊಟ್ಟುಹೋದರು.